70% ರಿಯಾಯಿತಿ, ನಿಮ್ಮ ಅಳತೆ ಒಂದು ಬಿಟ್ಟು

ಮೊದಲೇ ಹೇಳಿಬಿಡುತ್ತೇನೆ, ಇದು ಮೋಸದ ಅಂಗಡಿ ಅಲ್ಲ. ಸೈಕಲ್ ಸಾಮಾನು ಮಾತ್ರ ಮಾರುವ ಆನ್‌ಲೈನ್ ಅಂಗಡಿ. ಮಾಲು ಅಸಲಿ, ಪ್ಯಾಕಿಂಗ್ ಗಟ್ಟಿ, ಹೇಳಿದ ದಿನಕ್ಕೆ ಪಾರ್ಸೆಲ್ ಬರುತ್ತದೆ. ಮಾಮೂಲಿ ದಿನಗಳಲ್ಲಿ ಕೇಳಿದ್ದರೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೆ. ಈಗ ಎರಡು ಕೊಡುತ್ತಿದ್ದೇನೆ, ಅದೂ ಪ್ಯಾಕಿಂಗ್ ಮಾಡುವವರ ಮುಖ ನೋಡಿ. ಕಾರಣ ಇವರ ಸೇಲ್ ಜಾಹೀರಾತು. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇದೇ ಆಟವನ್ನು ಇನ್ನೂ ಎಷ್ಟೋ ಅಂಗಡಿಗಳು ಆಡುತ್ತಿವೆ, ಒಬ್ಬರನ್ನೇ ಹಿಡಿದು ಬೈದರೆ ಉಳಿದವರು ಸಾಚಾ ಆಗಿಬಿಡುತ್ತಾರೆ.

ನನಗೆ ಬೇಕಾಗಿದ್ದದ್ದು ದೊಡ್ಡ ಪಟ್ಟಿಯೇನಲ್ಲ. ಶೂ, ಮುಂದಿನ ಲೈಟ್, ಟ್ಯೂಬ್, ಚೈನ್, ಸಾಧ್ಯವಾದರೆ ಒಂದು ಬಿಬ್ ಶಾರ್ಟ್ಸ್ (ಹೆಗಲ ಪಟ್ಟಿ ಇರುವ ಸೈಕಲ್ ಚಡ್ಡಿ). ಅಷ್ಟರಲ್ಲಿ ಮೇಲ್ ಬಂತು: ಸೀಸನ್ ಮುಗಿಯುವ ಸೇಲ್, 70% ರಿಯಾಯಿತಿ, ಶೂ, ಹೆಲ್ಮೆಟ್, ಲೈಟ್, ಚಕ್ರ ಎಲ್ಲದರ ಮೇಲೂ. 70 ಅನ್ನುವ ಅಂಕಿ ಅರ್ಧ ಪರದೆ ತುಂಬಿತ್ತು. 'ವರೆಗೆ' ಅನ್ನುವುದು ಅದರ ಕೆಳಗೆ, ಬೂದು ಬಣ್ಣದಲ್ಲಿ, ಹುಡುಕಿದವರಿಗೆ ಮಾತ್ರ ಕಾಣುವ ಹಾಗೆ. ಇದು ಎಲ್ಲರಿಗೂ ಗೊತ್ತಿರುವ ಹಳೆಯ ಚಾಳಿ, ಇಷ್ಟಕ್ಕೇ ಯಾರೂ ಎರಡು ಸ್ಟಾರ್ ಕೊಡುವುದಿಲ್ಲ. ಮುಂದಕ್ಕೆ ಕೇಳಿ.

ಶೂ ವಿಷಯ. ಪಟ್ಟಿಯಲ್ಲಿ ಶೂ ಚಿತ್ರದ ಮೇಲೆ ಕೆಂಪು ಬಿಲ್ಲೆ, '60% ಕಡಿಮೆ'. ಕ್ಲಿಕ್ ಮಾಡಿ ಒಳಗೆ ಹೋದರೂ ಅದೇ ಬೆಲೆ. ಅಳತೆ 43 ಅಂತ ಆರಿಸಿದ ತಕ್ಷಣ ಬೆಲೆ ಸದ್ದಿಲ್ಲದೆ ಮೇಲಕ್ಕೆ ಹಾರಿತು. ಬಿಲ್ಲೆ ಮಾಯ, ಗೀಟು ಹೊಡೆದ ಬೆಲೆಯೂ ಮಾಯ. 42 ಒತ್ತಿದೆ, ಅದೇ ಕಥೆ. 44, 41, ಅದೇ. ಕೊನೆಗೆ 38 ಒತ್ತಿದಾಗ ಕೆಂಪು ಬಿಲ್ಲೆ ಮತ್ತೆ ಪ್ರತ್ಯಕ್ಷ. ಅಂದರೆ 38ರ ಅಳತೆಯ, ಅದೂ ಹಳದಿ ಬಣ್ಣದ, ಒಂದೇ ಒಂದು ಜೊತೆಯ ಮೇಲೆ ಇದ್ದ ರಿಯಾಯಿತಿಯನ್ನು ಇಡೀ ಮಾಡೆಲ್‌ನ ಹಣೆಗೆ ಅಂಟಿಸಿದ್ದಾರೆ. ಪಟ್ಟಿಯಲ್ಲಿ ತೋರಿಸಿದ ಚಿತ್ರ ಕಪ್ಪು ಶೂದು! ಕಪ್ಪು ಬಣ್ಣದಲ್ಲಿ ಯಾವ ಅಳತೆಗೂ ಒಂದು ಪೈಸೆ ಕಡಿಮೆ ಇರಲಿಲ್ಲ. ಇದನ್ನು ಕಣ್ತಪ್ಪು ಅನ್ನೋಣವೇ? ಅಳತೆ ಹಾಕಿ ಸೋಸುವ ಸೌಲಭ್ಯ ಆ ಪುಟದಲ್ಲೇ ಇದೆ. 43 ಅಂತ ಸೋಸಿದರೂ ಈ ಶೂ ಪಟ್ಟಿಯಲ್ಲಿ ಬರುತ್ತದೆ, ಅದೇ 60% ಬಿಲ್ಲೆ ಹೊತ್ತುಕೊಂಡು. ಅವರ ಕಂಪ್ಯೂಟರಿಗೆ ನನ್ನ ಅಳತೆ ಗೊತ್ತು, ಆ ಅಳತೆಯ ಬೆಲೆಯೂ ಗೊತ್ತು, ಆದರೂ ತೋರಿಸುವುದು 38ರ ಬೆಲೆಯನ್ನು.

ಚಿತ್ರದಲ್ಲಿ ಶೂ ಅಡಿಗೆ ಕ್ಲೀಟ್ ಕೂಡ ಇತ್ತು, ಅಂದರೆ ಶೂವನ್ನು ಪೆಡಲಿಗೆ ಕಚ್ಚಿಸುವ ತುಂಡು. ಡಬ್ಬಿಯಲ್ಲಿ ಇರುವುದಿಲ್ಲ. ಅದು ಈ ವ್ಯಾಪಾರದಲ್ಲಿ ಮಾಮೂಲು, ಕ್ಲೀಟ್ ಪೆಡಲ್ ಜೊತೆಗೆ ಬರುತ್ತದೆ, ಹೊಸಬರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವರಿಗೆ ಹೇಳುವುದು ಮಾರುವವರ ಕೆಲಸ ಅಲ್ವಾ? ಕ್ಲೀಟ್ ಮೇಲೆ ಬೇರೆ ಸೇಲ್ ಇತ್ತು, 50%. ತೆಗೆದು ನೋಡಿದರೆ ಕೆಂಪು ಬಣ್ಣದವು ಮಾತ್ರ. ಸೈಕಲ್ ಭಾಗ ಮಾಡುವ ಶಿಮಾನೊ ಕಂಪನಿಯ ರೋಡ್ ಕ್ಲೀಟ್‌ಗಳಲ್ಲಿ ಹಳದಿ ಅಂದರೆ ಪಾದ 6 ಡಿಗ್ರಿ ಅತ್ತಿತ್ತ ಆಡುತ್ತದೆ, ನೀಲಿ ಅಂದರೆ 2 ಡಿಗ್ರಿ, ಕೆಂಪು ಅಂದರೆ ಸೊನ್ನೆ, ಪಾದ ಬಿಗಿಯಾಗಿ ಕೂತುಬಿಡುತ್ತದೆ. ಪೆಡಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಬರುವುದು ಹಳದಿ, ಜಾಸ್ತಿ ಜನ ಓಡಿಸುವುದೂ ಅದರಲ್ಲೇ. ಕೆಂಪು ಬೇಕೆಂದು ಕೇಳಿಕೊಂಡು ಬರುವವರು ಕಡಿಮೆ. ಹಾಗಾಗಿ ಅದು ಗೋದಾಮಿನಲ್ಲಿ ಉಳಿಯುತ್ತದೆ, ಸೇಲ್‌ಗೆ ಬರುತ್ತದೆ, ಜಾಹೀರಾತಿನಲ್ಲಿ 'ಕ್ಲೀಟ್‌ಗಳ ಮೇಲೆ ಅರ್ಧ ಬೆಲೆ' ಆಗುತ್ತದೆ.

ಸೈಕಲ್ ಸಾಮಾನಿನಲ್ಲಿ ಈ ಆಟ ಯಾಕೆ ಇಷ್ಟು ಸುಲಭ ಅಂದರೆ, ಇಲ್ಲಿ ಯಾವ ವಸ್ತುವೂ ಎಲ್ಲರಿಗೂ ಆಗುವುದಿಲ್ಲ. ಪುಸ್ತಕದ ಮೇಲೆ 50% ಬಿಟ್ಟರೆ ಆ ಪುಸ್ತಕ ಯಾರು ಬೇಕಾದರೂ ಓದಬಹುದು. ಚಕ್ರದ ಮೇಲೆ 50% ಬಿಟ್ಟರೆ ಅದು ನಿಮ್ಮ ಫ್ರೇಮಿಗೆ ಕೂರಬೇಕು, ನಿಮ್ಮ ಬ್ರೇಕಿಗೆ ಹೊಂದಬೇಕು, ನಿಮ್ಮ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಕಟ್ಟು) ಅದರ ಹಬ್‌ನ (ಚಕ್ರದ ನಡುಭಾಗ) ಮೇಲೆ ಏರಬೇಕು. ಹತ್ತು ಮಿಲಿಮೀಟರ್ ಆಚೆ ಈಚೆ ಆದರೂ ಆ ರಿಯಾಯಿತಿ ನಿಮ್ಮ ಪಾಲಿಗೆ ಇಲ್ಲ. ಇದೇ ಸೇಲ್‌ನಲ್ಲಿ ಬ್ಯಾನರ್ ಮೇಲೆ ಇದ್ದ ಚಕ್ರ ಡಿಸ್ಕ್ ಬ್ರೇಕಿನದು, ಬ್ರೇಕ್ ಹಿಡಿಯುವ ಲೋಹದ ತಟ್ಟೆ, ಅಂದರೆ ರೋಟರ್, ಹೊಳೆಯುತ್ತಿತ್ತು. ಒಳಗೆ ಹೋದರೆ 65% ಬಿಟ್ಟಿದ್ದ ಚಕ್ರಗಳೆಲ್ಲ ರಿಮ್ ಬ್ರೇಕಿನವು, ಅಂದರೆ ಚಕ್ರದ ಹೊರಬಳೆಯನ್ನೇ ಒತ್ತಿ ನಿಲ್ಲಿಸುವಂಥವು, ಹಿಂದಿನ ಹಬ್ 130 ಮಿ.ಮೀ., ಸನ್ನೆ ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್. ಈಗಿನ ರೋಡ್ ಸೈಕಲ್ ಬಹುಪಾಲು ಡಿಸ್ಕ್, ಹಿಂದೆ 142 ಮಿ.ಮೀ., ಫ್ರೇಮಿನ ಮೂಲಕ ತೂರಿಸಿ ಬಿಗಿಯುವ 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್. ಒಂದರ ಜಾಗದಲ್ಲಿ ಇನ್ನೊಂದು ಕೂರುವ ಮಾತೇ ಇಲ್ಲ. ರಿಮ್ ಬ್ರೇಕ್ ಸೈಕಲ್ ಇನ್ನೂ ಓಡಿಸುವವರಿಗೆ ಇದು ನಿಜಕ್ಕೂ ಹಬ್ಬ, ಒಪ್ಪುತ್ತೇನೆ, ನನ್ನ ಗೆಳೆಯನೊಬ್ಬ ಒಂದು ಜೊತೆ ತರಿಸಿಕೊಂಡು ಖುಷಿಯಾಗಿದ್ದಾನೆ. ಹಾಗಿದ್ದರೆ ಬ್ಯಾನರ್ ಮೇಲೂ ರಿಮ್ ಬ್ರೇಕ್ ಚಕ್ರದ ಚಿತ್ರವನ್ನೇ ಹಾಕಬಹುದಿತ್ತಲ್ಲ. ಹಾಕುವುದಿಲ್ಲ. ಹಾಕಿದರೆ ಕ್ಲಿಕ್ ಬರುವುದಿಲ್ಲ.

ಟ್ಯೂಬ್ ನೋಡಿ. ಇಷ್ಟು ಚಿಕ್ಕ ವಸ್ತು. ಐದರ ಕಟ್ಟಿನ ಮೇಲೆ 40% ಬಿಟ್ಟಿದ್ದರು. ವಾಲ್ವ್ ಉದ್ದ 48 ಮಿ.ಮೀ. ನನ್ನ ರಿಮ್ ಆಳ 50. ವಾಲ್ವ್‌ನ ತುದಿ ರಿಮ್‌ನಿಂದ ಹೊರಗೇ ಬರುವುದಿಲ್ಲ, ಇನ್ನು ಪಂಪ್ ಹಾಕುವುದೆಲ್ಲಿಗೆ? 80 ಮಿ.ಮೀ. ವಾಲ್ವ್‌ನ ಟ್ಯೂಬ್‌ಗೆ ರಿಯಾಯಿತಿ ಇಲ್ಲ, ಕಟ್ಟೂ ಇಲ್ಲ, ಒಂದೊಂದಾಗಿ ಪೂರ್ತಿ ಬೆಲೆಗೆ. ಸರಿ, ಅದು ಅವರ ವ್ಯಾಪಾರ. ಆದರೆ ವಾಲ್ವ್ ಉದ್ದವನ್ನು ಎಲ್ಲಿ ಬರೆದಿದ್ದರು ಗೊತ್ತೇ? ಶೀರ್ಷಿಕೆಯಲ್ಲಿ ಇಲ್ಲ, ಚಿತ್ರದ ಪಕ್ಕ ಇಲ್ಲ, ಕೆಳಗೆ 'ಹೆಚ್ಚಿನ ವಿವರ' ಅನ್ನುವುದನ್ನು ಬಿಚ್ಚಿದರೆ ಅದರೊಳಗೆ ಕೊನೆಯ ಸಾಲಿನಲ್ಲಿ. ಪೂರ್ತಿ ಬೆಲೆಯ ಟ್ಯೂಬ್‌ನ ಪುಟದಲ್ಲಿ ಅದೇ ಅಳತೆ ಶೀರ್ಷಿಕೆಯಲ್ಲೇ ದಪ್ಪಕ್ಷರದಲ್ಲಿ ಇದೆ. ಒಂದೇ ಅಂಗಡಿ, ಒಂದೇ ಕಂಪನಿಯ ಟ್ಯೂಬ್.

ಟೈರ್‌ನಲ್ಲೂ ಹೀಗೇ. '28 ಇಂಚು' ಅಂತಲೋ '26 ಇಂಚು' ಅಂತಲೋ ಬರೆದು ಬಿಟ್ಟುಬಿಡುತ್ತಾರೆ. ಇಂಚಿನ ಲೆಕ್ಕ ನಂಬಿ ಕೂತರೆ ಕೆಟ್ಟಂತೆಯೇ. ಟೈರ್ ಗೋಡೆಯ ಮೇಲೆ 28-622 ಅಂತ ಅಚ್ಚೊತ್ತಿರುತ್ತದಲ್ಲ, ಅದನ್ನು ನೋಡಿ. ಮೊದಲನೆಯದು ಅಗಲ, ಎರಡನೆಯದು ಟೈರ್ ಕೂರುವ ರಿಮ್‌ನ ವ್ಯಾಸ, ಎರಡೂ ಮಿಲಿಮೀಟರ್‌ನಲ್ಲಿ. 700ಸಿ ಅಂದರೆ 622, 650ಬಿ ಅಂದರೆ 584, ಹಳೆಯ ಮೌಂಟನ್ ಬೈಕ್‌ನ 26 ಅಂದರೆ 559. ಈ ಸೇಲ್‌ನಲ್ಲಿ ಭಾರೀ ಕಡಿತ ಇದ್ದ ರೋಡ್ ಟೈರ್‌ಗಳು ಬಹುತೇಕ 23 ಮಿ.ಮೀ. ಅಗಲದವು. ಒಂದು ಕಾಲಕ್ಕೆ ಎಲ್ಲರೂ ಅದನ್ನೇ ಓಡಿಸುತ್ತಿದ್ದರು, ಈಗ 28, 30, 32ರ ಕಡೆ ಹೋಗಿದ್ದಾರೆ, ಈಗಿನ ಅಗಲ ರಿಮ್‌ಗಳಿಗೆ 23 ಒಪ್ಪುವುದೂ ಇಲ್ಲ. ಇನ್ನೊಂದು: ಚಿತ್ರದಲ್ಲಿ ಎರಡು ಟೈರ್, ಬೆಲೆ ಒಂದಕ್ಕೆ.

ಈಗ ಗೀಟು ಹೊಡೆದ ಬೆಲೆಗೆ ಬರೋಣ, ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ. ಬೇರೊಂದು ಮಾಡೆಲ್‌ನ ಶೂ ಮೇಲೆ ನಾನು ಸೇಲ್‌ಗೆ ಬಹಳ ಮುಂಚಿನಿಂದಲೂ ಕಣ್ಣಿಟ್ಟಿದ್ದೆ, ಬೆಲೆಯ ಚಿತ್ರ ಹಿಡಿದು ಇಟ್ಟುಕೊಂಡಿದ್ದೆ. ಲೆಕ್ಕಕ್ಕೆ ಆಗ ಅದರ ಬೆಲೆ ನೂರು ಅಂದುಕೊಳ್ಳಿ. ಆಗ ಗೀಟೂ ಇಲ್ಲ, ಬಿಲ್ಲೆಯೂ ಇಲ್ಲ, ಸುಮ್ನೆ ನೂರು. ಸೇಲ್ ಬಂದಾಗ ನೋಡಿದರೆ ನೂರ ಎಂಬತ್ತಕ್ಕೆ ಗೀಟು ಹೊಡೆದು ಪಕ್ಕದಲ್ಲಿ ತೊಂಬತ್ತೈದು ಅಂತ ಬರೆದಿದ್ದಾರೆ. ಮೇಲೆ ಬಿಲ್ಲೆ, 47% ಕಡಿಮೆ. ಅವರ ಗಣಿತ ಸರಿಯಾಗಿಯೇ ಇದೆ, ನೂರ ಎಂಬತ್ತರಿಂದ ತೊಂಬತ್ತೈದಕ್ಕೆ ಇಳಿದರೆ 47% ಆಗುತ್ತದೆ. ಆದರೆ ನಾನು ಕಣ್ಣಿಟ್ಟಷ್ಟು ಕಾಲದಲ್ಲಿ ಒಂದು ದಿನವೂ ಇವರು ಅದನ್ನು ನೂರ ಎಂಬತ್ತಕ್ಕೆ ಮಾರಲಿಲ್ಲ. ನಿಜವಾಗಿ ಕಡಿಮೆಯಾದದ್ದು 5%. ಕೇಳಿದರೆ ಅದು ತಯಾರಕರು ಸೂಚಿಸಿದ ಚಿಲ್ಲರೆ ಬೆಲೆ ಅನ್ನುತ್ತಾರೆ. ಇರಬಹುದು. ಆ ಬೆಲೆಯನ್ನು ಪೆಟ್ಟಿಗೆ ಮೇಲೆ ಅಚ್ಚು ಹಾಕಿದವರು ಬಿಟ್ಟರೆ ಯಾರೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ.

ಇದರ ಮೇಲೆ ಕೂಪನ್ ಬೇರೆ. '70% + ಹೆಚ್ಚುವರಿ 10%'. ನೋಡಿದವರ ತಲೆಯಲ್ಲಿ ಎಂಬತ್ತು ಅಂತ ಕೂಡಿ ಹೋಗುತ್ತದೆ. ಹಾಗಲ್ಲ. ನೂರರಲ್ಲಿ ಎಪ್ಪತ್ತು ಹೋಗಿ ಮೂವತ್ತು ಉಳಿಯಿತು, ಆ ಮೂವತ್ತರಲ್ಲಿ ಹತ್ತು ಭಾಗ ಅಂದರೆ ಮೂರು ಹೋಯಿತು, ಇಪ್ಪತ್ತೇಳು. ಒಟ್ಟು 73%. ಅದೂ ಕೂಪನ್ ನಡೆದರೆ. ಚೈನ್, ಕ್ಯಾಸೆಟ್, ಸೈಕಲ್ ಕಂಪ್ಯೂಟರ್, ಹೆಸರಾಂತ ಬ್ರ್ಯಾಂಡಿನ ಶೂ, ಯಾವುದಕ್ಕೂ ನಡೆಯಲಿಲ್ಲ. ಹೊರಗಿಟ್ಟ ಬ್ರ್ಯಾಂಡುಗಳ ಪಟ್ಟಿ ಎಷ್ಟು ಉದ್ದ ಇತ್ತೆಂದರೆ, ಕೂಪನ್ ನಡೆಯುವ ಬ್ರ್ಯಾಂಡುಗಳ ಪಟ್ಟಿ ಕೊಟ್ಟಿದ್ದರೆ ಜಾಗ ಉಳಿಯುತ್ತಿತ್ತು.

ಲೈಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಬೆಲೆಯಲ್ಲಷ್ಟೇ ಅಲ್ಲ, ಮಾಲಿನ ಬಗ್ಗೆಯೇ ಬಣ್ಣದ ಮಾತು. ಜಾಹೀರಾತು ಹೀಗಿತ್ತು: 1000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ), 10 ಗಂಟೆ, ವಾಟರ್‌ಪ್ರೂಫ್, 55% ಕಡಿಮೆ. ವಿವರದಲ್ಲಿ ಬ್ಯಾಟರಿ 2600 ಎಂಎಎಚ್, 3.7 ವೋಲ್ಟ್. ಗುಣಿಸಿ ಸಾವಿರದಿಂದ ಭಾಗಿಸಿ ನೋಡಿ, ಬ್ಯಾಟರಿಯ ಒಟ್ಟು ಶಕ್ತಿ ಸುಮಾರು 9.6 ವ್ಯಾಟ್-ಅವರ್ ಆಗುತ್ತದೆ. ಒಳ್ಳೆಯ ಎಲ್‌ಇಡಿ ಲೈಟ್ ಒಂದು ವ್ಯಾಟ್‌ಗೆ ಹೆಚ್ಚು ಕಡಿಮೆ ನೂರು ಲ್ಯೂಮೆನ್ ಕೊಡುತ್ತದೆ ಅಂತ ಹಿಡಿದರೂ 1000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಅಂದರೆ ಒಂದು ಗಂಟೆಯೂ ಪೂರ್ತಿ ಬರುವುದಿಲ್ಲ. ಆ ಬೆಳಕನ್ನು ಹತ್ತು ಗಂಟೆ ಕೊಡಬೇಕಾದರೆ 100 ವ್ಯಾಟ್-ಅವರ್ ಬ್ಯಾಟರಿ ಬೇಕು, ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಕೈಚೀಲದಲ್ಲಿ ಒಯ್ಯಲು ಬಿಡುವ ಬ್ಯಾಟರಿಯ ಮಿತಿಯೇ ಅಷ್ಟು. ಹ್ಯಾಂಡಲ್‌ಬಾರ್ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಲೈಟ್ ಒಳಗೆ ಅದು ಎಲ್ಲಿಂದ ಬರುತ್ತದೆ?

ಡಬ್ಬಿ ತೆಗೆದು ಕಾಗದ ಓದಿದರೆ ಗುಟ್ಟು ಅಲ್ಲೇ ಇದೆ. 1000 ಲ್ಯೂಮೆನ್ 50 ನಿಮಿಷ. 10 ಗಂಟೆ ಅನ್ನುವುದು ಮಿನುಗುವ ಮೋಡ್‌ನಲ್ಲಿ, 100 ಲ್ಯೂಮೆನ್‌ಗೆ. ಎರಡು ಬೇರೆ ಬೇರೆ ಸಾಲಿನ ಅಂಕಿಗಳನ್ನು ತಂದು ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ತಯಾರಕರು ಪ್ರಾಮಾಣಿಕವಾಗಿ ಬರೆದಿದ್ದಾರೆ, ಅಂಗಡಿಯವರು ಜಾಹೀರಾತಿಗೆ ಬೇಕಾದದ್ದನ್ನು ಹೆಕ್ಕಿಕೊಂಡಿದ್ದಾರೆ. ವಾಟರ್‌ಪ್ರೂಫ್ ಅನ್ನುವುದು ಐಪಿಎಕ್ಸ್4. ಅಂದರೆ ಎಲ್ಲಾ ಕಡೆಯಿಂದ ನೀರು ಸಿಡಿದರೆ ತಡೆಯುತ್ತದೆ ಅಷ್ಟೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುವುದು ಐಪಿಎಕ್ಸ್7. ಸಾಧಾರಣ ಮಳೆಗೆ ಐಪಿಎಕ್ಸ್4 ಸಾಕು, ನನಗೂ ಸಾಕು, ಆದರೆ ಜಾಹೀರಾತಿನಲ್ಲಿ ಆ ಲೈಟನ್ನು ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಮುಳುಗಿಸಿ ತೋರಿಸಿದ್ದಾರೆ. ಯಾರಾದರೂ ಅದನ್ನು ನಂಬಿ ಮನೆಯಲ್ಲಿ ಮಾಡಿ ನೋಡಿದರೆ ವಾರಂಟಿ ಕೊಡುತ್ತಾರಾ?

ಲೈಟ್ ವಾಪಸ್ ಕಳಿಸಿದೆ ಅಂದುಕೊಳ್ಳಬೇಡಿ, ಇಟ್ಟುಕೊಂಡಿದ್ದೇನೆ. 400 ಲ್ಯೂಮೆನ್‌ನಲ್ಲಿ ಎರಡು ಗಂಟೆ ಬರುತ್ತದೆ, ಬೆಳಕು ಹರಡುವ ರೀತಿ ಚೆನ್ನಾಗಿದೆ, ಕ್ಲ್ಯಾಂಪ್ ಗಟ್ಟಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೂ ನಾನು ಕೊಳ್ಳುತ್ತಿದ್ದೆ. ಅದಕ್ಕೇ ಇನ್ನೂ ಜಾಸ್ತಿ ಉರಿಯುವುದು.

ಹೆಲ್ಮೆಟ್ ನಾನು ಕೊಳ್ಳಲಿಲ್ಲ, ಆದರೆ ನೋಡಿದ್ದನ್ನು ಹೇಳಬೇಕು. ಚಿತ್ರದಲ್ಲಿ ಹೆಲ್ಮೆಟ್ ಹಿಂಭಾಗದಲ್ಲಿ ಹಳದಿ ಚುಕ್ಕೆ, ಅಂದರೆ ಮಿಪ್ಸ್ ಇರುವ ಮಾಡೆಲ್. ಓರೆಯಾಗಿ ಪೆಟ್ಟು ಬಿದ್ದಾಗ ಒಳಗಿನ ತೆಳು ಪದರ ಸ್ವಲ್ಪ ಜಾರಿ ತಲೆ ತಿರುಚುವ ಬಲವನ್ನು ತಗ್ಗಿಸುವ ವ್ಯವಸ್ಥೆ ಅದು. ರಿಯಾಯಿತಿ ಬೆಲೆಗೆ ಇದ್ದದ್ದು ಅದೇ ಹೆಸರಿನ, ಅದೇ ಬಣ್ಣದ, ಮಿಪ್ಸ್ ಇಲ್ಲದ ಮಾಡೆಲ್. ಗೀಟು ಹೊಡೆದ ಬೆಲೆ ಮಾತ್ರ ಮಿಪ್ಸ್ ಮಾಡೆಲ್‌ನದು! ಎರಡು ಬೇರೆ ಬೇರೆ ವಸ್ತುಗಳ ಬೆಲೆ ಪಕ್ಕಪಕ್ಕ ಇಟ್ಟು ವ್ಯತ್ಯಾಸಕ್ಕೆ ರಿಯಾಯಿತಿ ಅಂತ ಹೆಸರಿಟ್ಟಿದ್ದಾರೆ. ಶೂನಲ್ಲಾದರೆ ದುಡ್ಡಿನ ಮಾತು, ಹೆಲ್ಮೆಟ್‌ನಲ್ಲಿ ಇದು ಚೇಷ್ಟೆ ಅಲ್ಲ. ಸೇಲ್‌ನಲ್ಲಿ ಹೆಲ್ಮೆಟ್ ಕೊಳ್ಳುವವರು ಒಳಗಿನ ಸ್ಟಿಕ್ಕರ್ ನೋಡಿ: ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಅನ್ನುವ ಸುರಕ್ಷತಾ ಗುರುತು ಇದೆಯೇ, ತಯಾರಾದ ಕಾಲ ಯಾವುದು. ಹಳೆಯ ದಾಸ್ತಾನು ಖಾಲಿ ಮಾಡುವಾಗ ಈ ಎರಡನೆಯದನ್ನು ಯಾವ ಪುಟದಲ್ಲೂ ಬರೆಯುವುದಿಲ್ಲ.

ಬಿಬ್ ಶಾರ್ಟ್ಸ್: ಅತಿ ಚಿಕ್ಕದು ಮತ್ತು ಅತಿ ದೊಡ್ಡದು ಬಿಟ್ಟು ಏನೂ ಉಳಿದಿರಲಿಲ್ಲ. ಸೇಲ್ ಶುರುವಾದ ಬೆಳಿಗ್ಗೆಯೇ. ಬೇರೆ ಹೇಳಲು ಏನಿಲ್ಲ.

ಕೌಂಟ್‌ಡೌನ್ ಗಡಿಯಾರ ಬೇರೆ ಓಡುತ್ತಿತ್ತು, 'ಈ ಬೆಲೆ ಇನ್ನು 2 ಗಂಟೆ 14 ನಿಮಿಷ ಮಾತ್ರ'. ಅದೇ ಪುಟವನ್ನು ಫೋನಿನಲ್ಲಿ ತೆರೆದೆ, ಅಲ್ಲಿ 3 ಗಂಟೆಯಿಂದ ಶುರು. ಅಂದರೆ ಗಡಿಯಾರ ಸೇಲ್‌ನದಲ್ಲ, ನಾನು ಒಳಗೆ ಬಂದ ಹೊತ್ತಿನದು. ಮುಗಿದ ಮೇಲೂ ಬೆಲೆ ಬದಲಾಗಲಿಲ್ಲ, ಗಡಿಯಾರ ಮತ್ತೆ 3ರಿಂದ ಶುರುವಾಯಿತು, ನಾಚಿಕೆಯಿಲ್ಲದೆ. 'ಈಗ 23 ಜನ ಇದನ್ನು ನೋಡುತ್ತಿದ್ದಾರೆ' ಅಂತ ಆ 38ರ ಹಳದಿ ಶೂ ಕೆಳಗೂ ಬರೆದಿತ್ತು. ಪಾಪ, ಇಪ್ಪತ್ಮೂರು ಜನರೂ ನನ್ನ ಹಾಗೆ 43 ಒತ್ತಿ ಒತ್ತಿ ನೋಡುತ್ತಿದ್ದರೇನೋ.

ಗ್ರಾಹಕ ಸೇವೆಯವರ ಜೊತೆ ಚಾಟ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು, ಅದರಲ್ಲಿ ಕೊರತೆ ಇಲ್ಲ.

"ಸರ್, ಆಫರ್ ಆಯ್ದ ಅಳತೆ ಮತ್ತು ಬಣ್ಣಗಳಿಗೆ ಮಾತ್ರ ಅನ್ವಯಿಸುತ್ತದೆ."

"ಅದನ್ನು ಶೂ ಪುಟದಲ್ಲಿ ಎಲ್ಲಿ ಬರೆದಿದ್ದೀರಿ?"

"ನಿಯಮ ಮತ್ತು ಷರತ್ತುಗಳಲ್ಲಿ ಇದೆ ಸರ್."

"ಆ ನೂರ ಎಂಬತ್ತಕ್ಕೆ ನೀವು ಯಾವಾಗ ಮಾರಿದ್ದಿರಿ, ಒಂದು ದಿನ ಹೇಳಿ ಸಾಕು."

ಸ್ವಲ್ಪ ಹೊತ್ತು ಮೂರು ಚುಕ್ಕೆ ಕುಣಿದವು. ಆಮೇಲೆ, "ನಿಮ್ಮ ಸಲಹೆಯನ್ನು ಸಂಬಂಧಪಟ್ಟ ತಂಡಕ್ಕೆ ತಲುಪಿಸುತ್ತೇವೆ ಸರ್. ಬೇರೆ ಏನಾದರೂ ಸಹಾಯ ಬೇಕೇ?" ಪ್ರಶ್ನೆ ಕೇಳಿದ್ದು ಯಾವಾಗ ಸಲಹೆ ಆಯಿತೋ ದೇವರಿಗೇ ಗೊತ್ತು. ಅಲ್ಲಿ ಕೂತು ಉತ್ತರ ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ, ಬಿಲ್ಲೆ ಅಂಟಿಸಿದವರು ಅವರಲ್ಲ.

ನಾನು ಕೇಳಿದ ಪ್ರಶ್ನೆ ಅತಿರೇಕದ್ದೇನೂ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಯಲ್ಲಿರುವ ನಿಯಮ ಇದನ್ನೇ ಕೇಳುತ್ತದೆ. ಬೆಲೆ ಇಳಿಸಿದ್ದೇವೆ ಅಂತ ಸಾರುವ ಅಂಗಡಿ, ಅದಕ್ಕೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನೇ ಇಟ್ಟಿದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಕೆಲವರು ಆ ಬೆಲೆಯನ್ನು ಮೂಲೆಯಲ್ಲಿ ಬರೆದು, ರಿಯಾಯಿತಿ ಲೆಕ್ಕವನ್ನು ಮಾತ್ರ ಬೇರೆ ದೊಡ್ಡ ಬೆಲೆಯ ಮೇಲೆ ಹಾಕುತ್ತಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಅದೂ ನಡೆಯುವುದಿಲ್ಲ, ಶೇಕಡಾ ಲೆಕ್ಕವನ್ನೂ ಆ 30 ದಿನದ ಅತಿ ಕಡಿಮೆ ಬೆಲೆಯ ಮೇಲೇ ಹಾಕಬೇಕು ಅಂತ ಹೇಳಿತು. ಆ ಕೇಸು ನಡೆದದ್ದು ಬಾಳೆಹಣ್ಣು, ಅನಾನಸ್ ಜಾಹೀರಾತಿನ ಮೇಲೆ, ಒಂದು ಸೂಪರ್‌ಮಾರ್ಕೆಟ್ ಸರಣಿಯ ವಿರುದ್ಧ. ಬಾಳೆಹಣ್ಣಿಗೇ ಇಷ್ಟು ಕಟ್ಟುನಿಟ್ಟು ಅಂದ ಮೇಲೆ ಕಾರ್ಬನ್ ಅಡಿಯ ಶೂಗೆ ಇರಬೇಡವೇ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿಯೂ ಹಳೆಯ ಬೆಲೆ ಅಂತ ತೋರಿಸುವುದು ಸಾಕಷ್ಟು ಕಾಲ ನಿಜವಾಗಿ ಕೇಳುತ್ತಿದ್ದ ಬೆಲೆ ಆಗಿರಬೇಕು ಅನ್ನುತ್ತದೆ. ಭಾರತದಲ್ಲಿ 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ 13 ಬಗೆಯ ಚಾಲಾಕಿತನಗಳನ್ನು ಹೆಸರಿಸುತ್ತದೆ, ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು, ಹೇಳದೆ ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು ಇನ್ನೊಂದು. ನನ್ನ ಬುಟ್ಟಿಗೂ 'ಪಾರ್ಸೆಲ್ ರಕ್ಷಣೆ' ಅಂತ ಒಂದು ಸಣ್ಣ ಮೊತ್ತ ಸೇರಿತ್ತು. ತೆಗೆದುಹಾಕಿದೆ. ಪುಟ ಹಿಂದಕ್ಕೆ ಹೋಗಿ ಬಂದಾಗ ಮತ್ತೆ ಕೂತಿತ್ತು.

ಹಾಗಂತ ಸೈಕಲ್ ಸಾಮಾನಿನ ಸೇಲ್ ಎಲ್ಲಾ ಸುಳ್ಳು ಅಂದರೆ ಅದೂ ತಪ್ಪಾಗುತ್ತದೆ. ನಿಜವಾದ ಇಳಿಕೆ ಬರುವ ಕಾರಣಗಳಿವೆ. 2020, 2021ರಲ್ಲಿ ಎಲ್ಲರೂ ಸೈಕಲ್ ಹತ್ತಿದರು, ಮಾಲು ಸಿಗುತ್ತಿರಲಿಲ್ಲ, ಅಂಗಡಿಗಳೂ ಕಂಪನಿಗಳೂ ಸಿಕ್ಕಾಪಟ್ಟೆ ಆರ್ಡರ್ ಹಾಕಿದವು. ಮಾಲು ಬಂದು ಸೇರುವಷ್ಟರಲ್ಲಿ ಕೊಳ್ಳುವವರು ಕರಗಿದ್ದರು. ಗೋದಾಮು ತುಂಬಿತು, ಬೆಲೆ ಬಿತ್ತು. ಆ ಹೊತ್ತಿನಲ್ಲಿ ಬ್ರಿಟನ್ನಿನ ಆನ್‌ಲೈನ್ ಸೈಕಲ್ ಅಂಗಡಿ ವಿಗಲ್ ಮತ್ತು ಚೈನ್ ರಿಯಾಕ್ಷನ್ ಸೈಕಲ್ಸ್‌ನಂಥ ದೊಡ್ಡ ಹೆಸರೇ 2023ರ ಅಕ್ಟೋಬರ್‌ನಲ್ಲಿ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ ಸಿಕ್ಕ 50% ನಿಜವಾದ 50%. ಜನ ಅದಕ್ಕೆ ಒಗ್ಗಿಕೊಂಡರು. ಈಗ ಅಷ್ಟು ದಾಸ್ತಾನು ಇಲ್ಲದಿದ್ದರೂ ಅಷ್ಟೇ ದೊಡ್ಡ ಅಂಕಿ ತೋರಿಸಬೇಕು ಅನ್ನುವ ಚಪಲ ಅಂಗಡಿಗಳಿಗೆ ಹೋಗಿಲ್ಲ. ದಾಸ್ತಾನಿಂದ ಬರದ ಅಂಕಿಯನ್ನು ಗೀಟಿನಿಂದ ತರುತ್ತಿದ್ದಾರೆ.

ಹೊಸ ತಲೆಮಾರಿನ ಭಾಗಗಳು ಬಂದಾಗಲೂ ಹಳೆಯದರ ಬೆಲೆ ನಿಜವಾಗಿ ಇಳಿಯುತ್ತದೆ. ಶಿಮಾನೊದ 105 ಅನ್ನುವ ರೋಡ್ ಸೈಕಲ್ ಭಾಗಗಳ ಸಾಲು 2022ರಲ್ಲಿ 12 ಸ್ಪೀಡ್‌ಗೆ (ಹಿಂದಿನ ಕ್ಯಾಸೆಟ್‌ನಲ್ಲಿ 12 ಹಲ್ಲುಚಕ್ರ) ಹೋಯಿತು, ಅದಕ್ಕೆ ಮುಂಚಿನ 11 ಸ್ಪೀಡ್‌ನ ಆರ್7000 ಭಾಗಗಳು ಇಂದಿಗೂ ಬಂಗಾರದಂಥವು. ನಾನು ಈ ಸೇಲ್‌ನಲ್ಲಿ ನೆಮ್ಮದಿಯಿಂದ ಕೊಂಡದ್ದು 11 ಸ್ಪೀಡ್ ಚೈನ್ ಒಂದೇ. ಅಲ್ಲೂ ಕೊಂಡಿ ಎಷ್ಟು ಅಂತ ನೋಡಿಕೊಂಡೆ, 116. ನನಗೆ ಸಾಕು. ಹಿಂದೆ ದೊಡ್ಡ ಕ್ಯಾಸೆಟ್ ಇರುವ ಮೌಂಟನ್ ಬೈಕ್‌ನವರಿಗೆ 126 ಬೇಕಾಗಬಹುದು, ಅದಕ್ಕೆ ರಿಯಾಯಿತಿ ಇರಲಿಲ್ಲ, ಇನ್ನೇನು ಹೇಳುವುದು. ಚೈನ್‌ನ ಬೆಲೆ ಬೇರೆ ಅಂಗಡಿಗಳಿಗೆ ಹೋಲಿಸಿದಾಗಲೂ ನಿಜವಾಗಿ ಕಡಿಮೆಯೇ ಇತ್ತು. ಅದರ ಮೇಲೆ ಬಿಲ್ಲೆ ಚಿಕ್ಕದು, 18%. ಬ್ಯಾನರ್ ಮೇಲೆ ಅದರ ಚಿತ್ರವೂ ಇರಲಿಲ್ಲ.

ಹೋಲಿಸುವುದು ಹೇಗೆ ಅಂತ ಕೇಳುವವರಿಗೆ: ಹೆಸರಿನಿಂದ ಹುಡುಕಬೇಡಿ, ಭಾಗದ ಸಂಕೇತದಿಂದ ಹುಡುಕಿ. '11 ಸ್ಪೀಡ್ ಕ್ಯಾಸೆಟ್' ಅಂತ ಹಾಕಿದರೆ ಹತ್ತು ಬಗೆ ಬರುತ್ತವೆ, ಸಿಎಸ್-ಎಚ್‌ಜಿ700-11 ಅಂತ ಹಾಕಿದರೆ 11ರಿಂದ 34 ಹಲ್ಲಿನ ಅದೊಂದೇ ಬರುತ್ತದೆ. ಸಂಕೇತವನ್ನು ಪುಟದಲ್ಲಿ ಬರೆಯದ ಅಂಗಡಿ ನೀವು ಹೋಲಿಸುವುದು ಬೇಡ ಅಂತಲೇ ಬರೆದಿಲ್ಲ. ಬೇಕಾದ ವಸ್ತುವಿನ ಬೆಲೆಯನ್ನು ಸೇಲ್‌ಗೆ ಮುಂಚೆಯೇ ಚಿತ್ರ ಹಿಡಿದು ಇಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ಅಳತೆ ಆರಿಸಿದ ಮೇಲೆ ಬೆಲೆ ನೋಡಿ, ಮುಂಚೆ ನೋಡಿದ್ದು ಲೆಕ್ಕಕ್ಕಿಲ್ಲ. ವಾಪಸಾತಿ ನಿಯಮವನ್ನೂ ಆಗಲೇ ಓದಿ, ಈ ಅಂಗಡಿಯಲ್ಲಿ 50% ಮೇಲೆ ಇಳಿಸಿದ ಮಾಲನ್ನು ವಾಪಸ್ ಕೊಟ್ಟರೆ ಹಣ ಬರುವುದಿಲ್ಲ, ಅಂಗಡಿಯ ಖಾತೆಗೆ ಜಮೆ ಮಾಡುತ್ತಾರೆ. ಗೀಟು ಎಳೆದು 50 ದಾಟಿಸಿದ ಮಾಲಿಗೂ ಇದೇ ನಿಯಮ. ಸುಳ್ಳು ರಿಯಾಯಿತಿ ಕೊಟ್ಟು ನಿಜವಾದ ಹಕ್ಕು ಕಿತ್ತುಕೊಳ್ಳುವುದು, ಇದನ್ನು ಯಾರು ಯೋಚಿಸಿದರೋ, ಭಾರೀ ತಲೆ.

ಸ್ಟಾರ್ ಲೆಕ್ಕ ಬಿಡಿಸಿ ಹೇಳುವುದಾದರೆ, ಮಾಲು ಮತ್ತು ಸಾಗಣೆಗೆ ನಾಲ್ಕು, ಗ್ರಾಹಕ ಸೇವೆಗೆ ಮೂರು, ಜಾಹೀರಾತಿಗೆ ಸೊನ್ನೆ. ಸೊನ್ನೆ ಕೊಡಲು ಇಲ್ಲಿ ಅವಕಾಶ ಇಲ್ಲದ್ದರಿಂದ ಒಟ್ಟು ಎರಡಕ್ಕೆ ನಿಲ್ಲಿಸಿದ್ದೇನೆ. ಚೈನ್, ಬ್ರೇಕ್ ಪ್ಯಾಡ್, ಕೇಬಲ್, ಟೇಪ್ ಥರದ್ದು ಬೇಕಿದ್ದರೆ ಇಲ್ಲಿಂದ ಧೈರ್ಯವಾಗಿ ತರಿಸಿಕೊಳ್ಳಿ, ಸೇಲ್ ಇಲ್ಲದ ದಿನಗಳಲ್ಲೂ ಬೆಲೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಶೂ, ಹೆಲ್ಮೆಟ್ ಮಾತ್ರ ಹಾಕಿ ನೋಡಿ ಕೊಳ್ಳುವ ಕಡೆ ಹೋಗಿ. 38ರ ಅಳತೆಯವರು ಯಾರಾದರೂ ಇದ್ದರೆ, ಹಳದಿ ಬಣ್ಣಕ್ಕೆ ಅಡ್ಡಿ ಇಲ್ಲ ಅಂದರೆ, ಆ ಶೂ ನಿಜಕ್ಕೂ ಒಳ್ಳೆಯ ಬೆಲೆಗೆ ಇದೆ.